ಲಾಲ್‌ಬಾಗಿನ ಬಂಡೆ

ಲಾಲ್‌ಬಾಗಿನ ಗುಡ್ಡವು ಆರಿಹೋದ ಜ್ವಾಲಾಮುಖಿಯೇ ಎಂದು ಬಾಲಿಕೆಯರು ಕೇಳುವುದುಂಟು. ಅಲ್ಲ. ಬೆಟ್ಟಗಳು ಹುಟ್ಟುವ ಬಗೆಗಳು ಹಲವು. ಜ್ವಾಲಾಮುಖಿಯ ಬೆಟ್ಟವು ಭೂಗರ್ಭದಿಂದ ಉಕ್ಕಿದ ಶಿಲಾದ್ರವವೂ ಬೂದಿಯೂ ಶೇಖರವಾಗಿ ಬೆಳೆಯುವುದು. ಉಳಿಕೆಯ ಬೆಟ್ಟವಾದರೋ ಸುತ್ತಲಿನ ನೆಲವು ಮಳೆಗಾಳಿಗಳಿಂದ ಸವೆದ ಬಳಿಕ ತಾನು ನಿಲ್ಲುವುದು. ನಮ್ಮ ಗುಡ್ಡವು ಎರಡನೆಯ ವರ್ಗದ್ದು. ಆಳದಲ್ಲಿ ಶಾಖ, ಒತ್ತಡಗಳಿಂದ ರೂಪಾಂತರಗೊಂಡ ಆ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಹಲಸೂರಿನ ಕೆಂಪುಮಣ್ಣೂ ಇಂತಹ ಶಿಲೆಯು ಶಿಥಿಲವಾಗಿ ಆದುದೇ.

ಜ್ವಾಲಾಮುಖಿಯ ಗುರುತನ್ನು ಕಾಣಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿ ನೀರಿನಡಿಯಲ್ಲಿ ಉಕ್ಕಿದ ಲಾವಾರಸವು ಥಟ್ಟನೆ ತಣಿದು ದಿಂಬುಗಳ ಆಕಾರವನ್ನು ತಾಳಿದೆ.

ಇವೆರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಕಡಿದ ಮರವು ಚಿಗುರೀತು. ಒಡೆದ ಬಂಡೆಯು ಮರಳಿ ಬೆಳೆಯದು. ತಾಯಂದಿರೇ, ಮಕ್ಕಳನ್ನು ಕರೆದೊಯ್ದು ತೋರಿಸಿರಿ, ಕಾಪಾಡುವುದನ್ನೂ ಕಲಿಸಿರಿ.