ಖಾಲಿ ಸೆಲ್ ಮತ್ತು ಕಪ್ಪೆಯ ಲೆಕ್ಕ

ಮಳೆಗಾಲದ ರಾತ್ರಿ ಮಲೆನಾಡಿನ ಹಳ್ಳದಲ್ಲಿ ಉಂಬಳ ಕಚ್ಚಿಸಿಕೊಂಡು ಕಪ್ಪೆ ಎಣಿಸಿ ತಂದ ಲೆಕ್ಕವನ್ನು ಪುಕ್ಕಟೆ ಹಂಚಿಬಿಡಿ ಎಂದರೆ ಯಾರಿಗಾದರೂ ಸಂಕಟವೇ. ನನ್ನ ಮನಸ್ಸು ಬದಲಾದದ್ದು ಬೇರೆಯವರ ದತ್ತಾಂಶಕ್ಕಾಗಿ ನಾನೇ ಕೈಯೊಡ್ಡಿದಾಗ.

ಅದೇ ಹಳ್ಳಗಳಲ್ಲಿ ಹಿಂದೆ ಕೆಲಸ ಮಾಡಿದ್ದ ಸಂಶೋಧಕರೊಬ್ಬರು ಕೇಳಿದ ಕೂಡಲೇ ಎಕ್ಸೆಲ್ ಫೈಲ್ ಕಳಿಸಿದರು. ಎಡಕ್ಕೆ ಹಳ್ಳಗಳ ಹೆಸರು, ಮೇಲೆ ಕಪ್ಪೆಗಳ ಹೆಸರು, ನಡುವೆ ಸಂಖ್ಯೆ. ಆದರೆ ಅರ್ಧಕ್ಕರ್ಧ ಸೆಲ್ ಖಾಲಿ. ಹುಡುಕಿಯೂ ಸಿಗಲಿಲ್ಲವೋ, ಮಳೆ ಜೋರಾಗಿ ಆ ರಾತ್ರಿ ಹೋಗಲೇ ಇಲ್ಲವೋ? ಮೊದಲನೆಯದಾದರೆ ಸೊನ್ನೆ, ಎರಡನೆಯದಾದರೆ ಏನೂ ಹೇಳುವಂತಿಲ್ಲ. ಕಪ್ಪೆ ಕಡಿಮೆಯಾಗಿದೆಯೇ ಎಂಬ ಪ್ರಶ್ನೆ ಪೂರಾ ಇದರ ಮೇಲೆ ನಿಂತಿದೆ. ಫೋನ್ ಮಾಡಿದೆ. "ಈಗ ನನಗೂ ನೆನಪಿಲ್ಲ ಮಾರಾಯ್ರೇ" ಅಂದರು.

ಹಕ್ಕಿ ನೋಡುವವರು ಈ ವಿಷಯದಲ್ಲಿ ನಮಗಿಂತ ಜಾಣರು. ಹಕ್ಕಿ ಕಂಡ ದಾಖಲೆ ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಸೇರಿಸುವಾಗ, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಅದು ಕೇಳುತ್ತದೆ. ಹೌದು ಎಂದರೆ ಪಟ್ಟಿಯಲ್ಲಿಲ್ಲದ ಹಕ್ಕಿಯೂ ಮಾಹಿತಿಯೇ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2020 ಮತ್ತು 2023ರ ವರದಿಗಳು ತಯಾರಾದದ್ದು ಸಾವಿರಾರು ಹವ್ಯಾಸಿಗಳ ಇಂಥ ಪಟ್ಟಿಗಳಿಂದ.

ಈಗ ನಮ್ಮ ಹಾಳೆಯಲ್ಲಿ ಸೊನ್ನೆ ಇರುತ್ತದೆ, ಇಲ್ಲವೇ 'ಹೋಗಿಲ್ಲ' ಎಂದಿರುತ್ತದೆ. ಎಷ್ಟು ಜನ, ಎಷ್ಟು ಹೊತ್ತು, ಹಳ್ಳದ ಎಷ್ಟು ಮೀಟರ್ ಹುಡುಕಿದರು ಎಂಬುದು ಪಕ್ಕದ ರೀಡ್‌ಮಿ ಫೈಲಿನಲ್ಲಿ. ಇದನ್ನು ಅಂದೇ ಬರೆಯಬೇಕು; ಪ್ರಬಂಧ ಅಚ್ಚಾಗುವ ಹೊತ್ತಿಗೆ ಬರೆದದ್ದರಲ್ಲಿ ಊಹೆ ಬೆರೆತಿರುತ್ತದೆ. 2014ರಲ್ಲಿ 'ಕರೆಂಟ್ ಬಯಾಲಜಿ'ಯಲ್ಲಿ ಬಂದ ಅಧ್ಯಯನವೊಂದು ಸಸ್ಯ, ಪ್ರಾಣಿಗಳ ಕುರಿತ 516 ಪ್ರಬಂಧಗಳ ದತ್ತಾಂಶ ಹುಡುಕಿಕೊಂಡು ಹೋಗಿತ್ತು. ಪ್ರಬಂಧ ಹಳತಾದಂತೆ ದತ್ತಾಂಶ ಸಿಗುವ ಸಂಭವ ವರ್ಷಕ್ಕೆ ಶೇ. 17ರಷ್ಟು ಕುಸಿಯುತ್ತಿತ್ತು. ಲೇಖಕರ ಇಮೇಲ್ ಸತ್ತಿರುತ್ತದೆ, ಫ್ಲಾಪಿ ಓದುವ ಯಂತ್ರವೇ ಇರುವುದಿಲ್ಲ.

ಹಾಗೆಂದು ಎಲ್ಲವನ್ನೂ ಬಯಲಿಗಿಡಿ ಎನ್ನುವವರ ಜೊತೆ ನನಗೆ ತಕರಾರಿದೆ. ಚೀನಾದ ಗೋನಿಯೂರೋಸಾರಸ್ ಲೂಯಿ ಎಂಬ ಹಲ್ಲಿಗೆ 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ಜಾಗ ತಿಳಿಸಿದರು. ಸಾಕುಪ್ರಾಣಿ ವ್ಯಾಪಾರದವರು ಹಿಡಿದು ಹಿಡಿದು, ಕೆಲವೇ ವರ್ಷಗಳಲ್ಲಿ ಅದು ಅಲ್ಲಿ ಇಲ್ಲವಾಯಿತು. ಮೊಟ್ಟೆಗೆ ಕೆಸರು ಮೆತ್ತುವ ನಮ್ಮ ಕುಂಬಾರ ಕಪ್ಪೆಗೆ ಹೆಸರು ಬಂದದ್ದೂ 2014ರಲ್ಲಷ್ಟೇ. ಅಂಥವುಗಳ ಅಕ್ಷಾಂಶ, ರೇಖಾಂಶಗಳನ್ನು ಒಂದೇ ದಶಮಾಂಶ ಸ್ಥಾನಕ್ಕೆ ಇಳಿಸಿ ಪ್ರಕಟಿಸುತ್ತೇವೆ. ಅಂದರೆ ಸುಮಾರು 11 ಕಿ.ಮೀ. ಚೌಕ. ನಿಖರ ಜಾಗ ಬೇಕಾದ ಸಂಶೋಧಕರು ಕಾರಣ ಹೇಳಿ ಕೇಳಲಿ. ವಿಶ್ಲೇಷಣೆಯ ಕೋಡ್ ಮಾತ್ರ ಒಂದು ಸಾಲೂ ಬಿಡದೆ ಎಲ್ಲರಿಗೂ ಮುಕ್ತ.

ದತ್ತಾಂಶ ಹಂಚಿದ ಮೇಲೆ ಅದರ ಶ್ರೇಯವನ್ನೂ ಹಂಚಬೇಕಲ್ಲ. ಪ್ರಬಂಧಕ್ಕೆ ಯಾರು ಏನು ಮಾಡಿದರೆಂದು ಹೇಳಲು 'ಕ್ರೆಡಿಟ್' ಎಂಬ ಪಟ್ಟಿಯಿದೆ, 14 ಪಾತ್ರಗಳು. ಕತ್ತಲಲ್ಲಿ ಹಳ್ಳದ ದಾರಿ ತೋರಿಸಿ, ಕೂಗು ಕೇಳಿಯೇ ಕಪ್ಪೆ ಯಾವುದೆಂದು ಹೇಳುವ ಊರಿನವರಿಗೆ ಅದರಲ್ಲಿ ನೆಟ್ಟಗಿನ ಜಾಗವಿಲ್ಲ. ನಾವು ಅಂಥವರೊಬ್ಬರನ್ನು ಲೇಖಕರ ಸಾಲಿಗೇ ಸೇರಿಸಿದೆವು. ಪತ್ರಿಕೆಯವರು ಅವರ ಇಮೇಲ್ ಕೇಳಿದರು. ಮಗಳದ್ದು ಕೊಟ್ಟೆವು.