ಹವಳದ ತೊಟ್ಟಿಗೆ ಪಾಚಿ ಹಿಡಿದಿದೆಯೇ?

ಕಲ್ಲು, ಹವಳ, ಗಾಜು ಎಲ್ಲದರ ಮೇಲೂ ಹಸಿರು ಪಾಚಿ ಕೂದಲಿನಂತೆ ಹಬ್ಬಿತೆಂದು ಕಂಗಾಲಾಗಬೇಡಿ. ಟ್ಯಾಂಕ್ ಮಾರಿಬಿಡುವ ಮಾತೂ ಬೇಡ. ಮೀನು ಚುರುಕಾಗಿವೆ, ಹವಳ ಅಷ್ಟಿಷ್ಟಾದರೂ ಅರಳುತ್ತಿದೆ ಅಂದರೆ ಇನ್ನೂ ಕೈಮೀರಿಲ್ಲ.

ಆದರೆ ಆ ಪಾಚಿಯನ್ನು ಸಾಕಿದವರು ನೀವೇ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ಪ್ರೀತಿಯಿಂದ ಸುರಿದ ತಿನಿಸು ಕೊಳೆತು ನೈಟ್ರೇಟ್, ಫಾಸ್ಫೇಟ್ ಆಗುತ್ತದೆ. ಪಾಚಿಗೆ ಅದೇ ಊಟ. ಅತಿಯಾದರೆ ಅಮೃತವೂ ವಿಷ. ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಫ್ರೋಜನ್ ಸೀಗಡಿ ಹಾಕುವವರು ಅದನ್ನು ಟೀ ಜರಡಿಯಲ್ಲಿ ತೊಳೆದು, ಕರಗಿದ ನೀರನ್ನು ಸಿಂಕಿಗೆ ಚೆಲ್ಲಿ.

ಇನ್ನು ನೀರು. ಬೆಂಗಳೂರಿನ ಬೋರ್‌ವೆಲ್ ನೀರಿಗೇ ಉಪ್ಪು ಕಲಸಿ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆರ್‌ಓ ಆದಮೇಲೆ ಡಿಐ ರೆಸಿನ್ ಕೂಡ ದಾಟಿ ಬಂದ, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರೇ ಆಗಬೇಕು. ಆವಿಯಾಗಿ ಇಳಿದ ಮಟ್ಟ ತುಂಬಲಿಕ್ಕೂ ಅದೇ ನೀರು, ಉಪ್ಪು ಹಾಕದೆ. ಉಪ್ಪೇನು ಆವಿಯಾಗಿ ಹೋಗುವುದಿಲ್ಲವಲ್ಲ!

ಈಗ ಕೈಗವಸು ಹಾಕಿಕೊಳ್ಳಿ. ಹಳೆಯ ಟೂತ್‌ಬ್ರಷ್ಷನ್ನು ಸೈಫನ್ ಪೈಪಿನ ಬಾಯಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಉಜ್ಜಿದ ಪಾಚಿ ತೇಲಿ ಇನ್ನೊಂದು ಕಲ್ಲಿಗೆ ಅಂಟುವ ಮೊದಲೇ ಪೈಪು ಅದನ್ನು ಹೊರಗೆಳೆಯುತ್ತದೆ. ಹೀಗೆ ವಾರಕ್ಕೊಮ್ಮೆ ನೂರಕ್ಕೆ 10ರಿಂದ 15ರಷ್ಟು ನೀರು ತೆಗೆದು ಹೊಸದು ಹಾಕಿ.

ಕಲ್ಲನ್ನು ಹೊರತೆಗೆದು ಕುದಿಸಿಬಿಡೋಣ ಎಂಬ ಯೋಚನೆ ಇದ್ದರೆ ಈಗಲೇ ಬಿಡಿ. ಅದಕ್ಕೆ ಜೊವಾಂಥಿಡ್ ಎಂಬ ಹವಳದಂಥ ಜೀವಿ ಅಂಟಿಕೊಂಡಿದ್ದರೆ ಪಾಲಿಟಾಕ್ಸಿನ್ ಎಂಬ ಘೋರ ವಿಷ ಹಬೆಯ ಜೊತೆ ಮನೆಯಲ್ಲೆಲ್ಲ ಹರಡಬಹುದು. ಹಾಗೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಬಾಟಲಿಯ ಪಾಚಿನಾಶಕಕ್ಕೂ ಆತುರ ಬೇಡ, ಆತುರಗಾರನಿಗೆ ಬುದ್ಧಿ ಮಟ್ಟ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ಆಮ್ಲಜನಕ ಇಳಿದು ಮೀನು ಸಾಯುತ್ತವೆ. ತಾಮ್ರ ಇರುವ ಮದ್ದಾದರೆ ಹವಳ, ಬಸವನಹುಳು ಎರಡೂ ಹೋಗುತ್ತವೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಿರಿ. ಟ್ಯಾಂಕಿನ ಕೆಳಗಿನ ಸಂಪಿನಲ್ಲಿ, ಅಂದರೆ ಫಿಲ್ಟರ್ ತೊಟ್ಟಿಯಲ್ಲಿ, ಒಂದು ಹಿಡಿ ಕೀಟೊಮಾರ್ಫಾ ಪಾಚಿ ಬಿಟ್ಟು, ಮೇಲಿನ ದೀಪ ಆರಿದಾಗ ಅದಕ್ಕೆ ಬೆಳಕು ಕೊಡಿ. ಅದು ನೀರಿನ ಸತ್ವ ಹೀರಿ ಬೆಳೆದಂತೆಲ್ಲ ಕಿತ್ತು ಎಸೆಯುತ್ತಿರಿ. ಮೇಲೆ ದಿನಕ್ಕೆ ಎಂಟು ಗಂಟೆ ಬೆಳಕು ಸಾಕು. ಬಸವನಹುಳು ತರುವುದಾದರೆ ಟ್ರೋಕಸ್ ಜಾತಿಯದನ್ನು ತನ್ನಿ. ಮಗುಚಿ ಬಿದ್ದರೂ ತಾನೇ ಏಳುತ್ತದೆ.

ಹಾಗಂತ ಎಲ್ಲವನ್ನೂ ಸೊನ್ನೆಗಿಳಿಸುವ ಹಟ ಹಿಡಿಯಬೇಡಿ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ಒಳ್ಳೆಯದೇ. ಹವಳಕ್ಕೂ ಒಂದಿಷ್ಟು ಬೇಕು. ಪೂರ್ತಿ ಬರಿದಾದರೆ ಡೈನೊಫ್ಲಾಜೆಲೇಟ್ ಎಂಬ ಕಂದು ಲೋಳೆ ವಕ್ಕರಿಸುತ್ತದೆ, ಅದರ ಕಾಟ ಇದಕ್ಕಿಂತ ಹೆಚ್ಚು. ಕಲ್ಲು ಹೀರಿಟ್ಟ ಫಾಸ್ಫೇಟ್ ನಿಧಾನವಾಗಿ ಹೊರಬರುವುದರಿಂದ ಪರೀಕ್ಷೆಯಲ್ಲಿ ಮತ್ತೆ ಏರಿದರೂ ಗಾಬರಿಯಾಗದೆ ವಾರದ ಕೆಲಸ ಮುಂದುವರಿಸಿ. ತಿಂಗಳುಗಳೇ ಹಿಡಿಯಬಹುದು.

ಅಲ್ಲಿಯವರೆಗೆ ಹೊಸ ಮೀನು, ಹೊಸ ಹವಳ ಯಾವುದೂ ಬೇಡ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದಾಗ ಅಲ್ಲಿನ ಹವಳದ ಚೂರನ್ನೂ ಮುರಿದು ತರಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ.