ಎಲೆಕ್ಟಿವ್‌ಗೆ ಹೆಸರು ಕೊಡುವ ಮೊದಲು

ಮೂರನೇ ಎಂಬಿಬಿಎಸ್‌ನ ಪಾರ್ಟ್ ಒಂದು ಮುಗಿದಿರುತ್ತದೆ, ಪಾರ್ಟ್ ಎರಡು ಇನ್ನೂ ಶುರುವಾಗಿರುವುದಿಲ್ಲ. ಅಷ್ಟರಲ್ಲಿ ನೋಟಿಸ್ ಬೋರ್ಡಿಗೆ ಎಲೆಕ್ಟಿವ್ ಪಟ್ಟಿ ಬೀಳುತ್ತದೆ. ನೋಡನೋಡುತ್ತಲೇ ಕಾರ್ಡಿಯಾಲಜಿ ಭರ್ತಿ! ಗೆಳೆಯ ಬರೆಸಿದ ಅಂತ ನೀವೂ ಅಲ್ಲೇ ಹೆಸರು ಬರೆಸಬೇಡಿ. ಹತ್ತು ಜನ ಎಕೋ ಯಂತ್ರವನ್ನು ಮುತ್ತಿಕೊಂಡರೆ ಹಿಂದಿನವರಿಗೆ ಕಾಣುವುದು ಮುಂದಿನವರ ಏಪ್ರನ್ ಮಾತ್ರ.

ರಕ್ತನಿಧಿಯನ್ನು ಕೇಳುವವರು ಕಡಿಮೆ. ನಾನಾದರೆ ಅದನ್ನೇ ಆರಿಸಿಕೊಳ್ಳುತ್ತೇನೆ. ಕೆಂಪು ರಕ್ತಕಣದ ಚೀಲಗಳು ಫ್ರಿಜ್ಜಿನಲ್ಲಿ 2ರಿಂದ 6 ಡಿಗ್ರಿಯಲ್ಲಿ ತಣ್ಣಗೆ ಕೂತಿರುತ್ತವೆ. ಪ್ಲೇಟ್‌ಲೆಟ್ ಹಾಗಲ್ಲ, 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲ ಕೂಸಿನಂತೆ ಅದನ್ನು ತೂಗುತ್ತಲೇ ಇರಬೇಕು. ಅಷ್ಟು ಮಾಡಿದರೂ ಆಯಸ್ಸು ಸಾಮಾನ್ಯವಾಗಿ 5 ದಿನ. ಇದನ್ನು ಕಣ್ಣಾರೆ ಕಂಡವರು ನಾಳೆ ಡೆಂಗ್ಯೂ ವಾರ್ಡಿನಲ್ಲಿ ಸುಮ್ಮಸುಮ್ಮನೆ ‘ನಾಲ್ಕು ಯೂನಿಟ್’ ಎಂದು ಚೀಟಿ ಗೀಚುವುದಿಲ್ಲ.

ಹೆಸರು ಕೊಡುವ ಮುನ್ನ ಆ ವಿಭಾಗದ ಪಿಜಿಯೊಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ‘ಅಕ್ಕಾ, ಕೇಸ್ ತಗೊಳ್ಳೋಕೆ ಬಿಡ್ತಾರಾ, ಇಲ್ಲ ಬರೀ ನಿಲ್ಲಿಸ್ತಾರಾ?’ ಕಲಿಸುವ ಮನಸ್ಸಿರುವ ಒಬ್ಬ ಮೇಷ್ಟ್ರು ಸಿಕ್ಕರೆ ವಿಭಾಗ ಯಾವುದಾದರೂ ಸರಿ.

ಹಾಂ, ಇದು ನೀಟ್ ಪಿಜಿಗೆ ಓದಲು ಸಿಕ್ಕ ರಜೆ ಎಂದುಕೊಂಡವರೇ, ಶೇ. 75 ಹಾಜರಿ ಮತ್ತು ಲಾಗ್‌ಬುಕ್, ಎರಡರಲ್ಲಿ ಯಾವುದು ತಪ್ಪಿದರೂ ಫೈನಲ್ ಪರೀಕ್ಷೆಗೆ ಕೂರುವಂತಿಲ್ಲ. ಲಾಗ್‌ಬುಕ್ಕನ್ನು ಅಂದಂದೇ ಬರೆದು ಸಹಿ ಹಾಕಿಸಿಕೊಳ್ಳಿ. ಕೊನೆಯ ದಿನ ಓಡಿದರೆ, ಸಹಿ ಹಾಕಬೇಕಾದವರು ಕಾನ್ಫರೆನ್ಸಿಗೆ ಹೋಗಿರುತ್ತಾರೆ.